ಬೆಳಕಿನ ಜಾಲವೂ ಸೊರಬದ ಕಾನೂ



2020ರಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಅನೇಕ ಮಕ್ಕಳು ಪಾಠ ಕೇಳಲು ಗುಡ್ಡದ ನೆತ್ತಿಯೇರಿ ಕುಳಿತರು. ಮೊಬೈಲ್ ಸಿಗ್ನಲ್ ದೊರೆಯುತ್ತಿದ್ದುದು ಅಲ್ಲಿ ಮಾತ್ರ. ಅಂತರ್ಜಾಲ ಬೇಕು, ನಿಜ. ಆದರೆ ಅದರ ಬೆಲೆಯನ್ನು ಕಾಡು ತೆರಬೇಕೇ? ಈ ಪ್ರಶ್ನೆಗೆ ‘ಹಸಿರು ತಂತ್ರಜ್ಞಾನ’ವೆಂಬ ಹೆಸರು ಹೊತ್ತು ಬಂದಿರುವ ಉತ್ತರಗಳಲ್ಲಿ ಒಂದು ಲೈ-ಫೈ, ಅಂದರೆ ಬೆಳಕಿನ ಮೂಲಕ ನಡೆಯುವ ನಿಸ್ತಂತು ಸಂಪರ್ಕ. ಆ ಹೆಸರಿಗೆ ಅದು ಎಷ್ಟು ಅರ್ಹವೆಂಬುದನ್ನು ಶಿಕಾರಿಪುರ, ಸೊರಬಗಳ ನೆಲದ ಮೇಲೆ ನಿಂತು ಪರೀಕ್ಷಿಸಬೇಕಾಗಿದೆ.

ತತ್ತ್ವ ಹೊಸದಲ್ಲ. 1880ರಲ್ಲಿಯೇ ಅಲೆಕ್ಸಾಂಡರ್ ಗ್ರಹಾಂ ಬೆಲ್ ತಮ್ಮ ಸಹಾಯಕರೊಡನೆ ಸೂರ್ಯಕಿರಣದ ಮೇಲೆ ಮಾತನ್ನು ಸುಮಾರು 213 ಮೀಟರ್ ದೂರ ಕಳುಹಿಸಿದ್ದರು. 2011ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹರಾಲ್ಡ್ ಹಾಸ್ ಎಲ್‌ಇಡಿ ದೀಪವೊಂದರಿಂದ ಚಲಚ್ಚಿತ್ರವನ್ನು ರವಾನಿಸಿ ತೋರಿಸಿದರು. ದೀಪದ ಬೆಳಕು ಕಣ್ಣಿಗೆ ತಿಳಿಯದಷ್ಟು ವೇಗದಲ್ಲಿ ಏರಿಳಿಯುತ್ತದೆ. ಆ ಏರಿಳಿತವನ್ನು ಗ್ರಾಹಕ ಸಾಧನವು ಮಾಹಿತಿಯಾಗಿ ಓದಿಕೊಳ್ಳುತ್ತದೆ. 2023ರಲ್ಲಿ ಇದಕ್ಕೆ ಅಂತರರಾಷ್ಟ್ರೀಯ ಮಾನಕವೂ ರೂಪುಗೊಂಡಿತು.

ಇದರ ಗುಣ ಸ್ಪಷ್ಟ. 60 ವ್ಯಾಟಿನ ಹಳೆಯ ಬಲ್ಬು ನೀಡುತ್ತಿದ್ದ ಬೆಳಕನ್ನು ಎಲ್‌ಇಡಿ ಸುಮಾರು 9 ವ್ಯಾಟಿನಲ್ಲಿ ನೀಡುತ್ತದೆ. ಮಳೆಗಾಲದಲ್ಲಿ ಹಗಲಲ್ಲೂ ಕತ್ತಲೆ ಕವಿಯುವ ಶಾಲಾ ಕೊಠಡಿಯಲ್ಲಿ ಹೇಗೂ ಉರಿಯುವ ದೀಪವೇ ಪಾಠವನ್ನೂ ತರುವುದಾದರೆ ಅದು ಮಿತವ್ಯಯ. ಆದರೆ ಬಿಸಿಲಿರುವಾಗ ಜಾಲಕ್ಕೆಂದೇ ದೀಪ ಉರಿಸಿದರೆ ಉಳಿತಾಯವೆಲ್ಲಿ? ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಬಳಸಬಹುದಾದರೂ ಅದಕ್ಕೂ ವಿದ್ಯುತ್ತು ಬೇಕು. ಬೆಳಕು ಗೋಡೆಯನ್ನು ದಾಟದು. ಆದ್ದರಿಂದ ಕೊಠಡಿಯವರೆಗೆ ತಂತಿ ಬರಲೇಬೇಕು. ಸಾಮಾನ್ಯ ಮೊಬೈಲುಗಳಿಗೆ ಪ್ರತ್ಯೇಕ ಗ್ರಾಹಕವೂ ಬೇಕು.

ಬಯಲಿನಲ್ಲಿ ಬೆಳಕಿನ ಕಿರಣವನ್ನು ಗೋಪುರದಿಂದ ಗೋಪುರಕ್ಕೆ ಹಾಯಿಸುವ ವಿಧಾನವೂ ಉಂಟು. 2021ರಲ್ಲಿ ಆಫ್ರಿಕದ ಕಾಂಗೋ ನದಿಯ ಎರಡು ದಡಗಳನ್ನು ಹೀಗೆಯೇ 4.8 ಕಿಲೋಮೀಟರ್ ಅಂತರದಲ್ಲಿ ಬೆಸೆಯಲಾಯಿತು. ಶಿಕಾರಿಪುರದ ಕೆರೆಬಯಲುಗಳ ಮೇಲೆ ಇದು ಸಾಧ್ಯವೆನಿಸಬಹುದು. ಸೊರಬದ ಸಂಗತಿ ಬೇರೆ. ಅಲ್ಲಿ ಹಳ್ಳಿ ಹಳ್ಳಿಗಳ ನಡುವೆ ಕಾನುಗಳಿವೆ. 1868ರಲ್ಲಿಯೇ ಬ್ರಾಂಡಿಸ್ ಮತ್ತು ಗ್ರಾಂಟ್ ವಿಶೇಷ ವರದಿ ಬರೆದದ್ದು ಈ ಕಾನುಗಳನ್ನು ಕುರಿತೇ. ಕಾಳುಮೆಣಸು, ಬೈನೆ, ದೇವರ ಬನ, ತೋಟಕ್ಕೆ ಹರಿಯುವ ನೀರು—ಎಲ್ಲವೂ ಅವುಗಳ ಆಶ್ರಯದಲ್ಲಿ ಉಳಿದಿವೆ. ಕಿರಣಕ್ಕೆ ಒಂದು ಕೊಂಬೆಯೂ ಅಡ್ಡಿ, ಆಷಾಢದ ಮಂಜೂ ಅಡ್ಡಿ. ಮಂಜನ್ನು ಯಾರೂ ಕಡಿಯಲಾರರು. ಕೊಡಲಿ ಬೀಳುವುದು ಕೊಂಬೆಯ ಮೇಲೆ, ಅದೂ ವರ್ಷ ವರ್ಷವೂ.

ಇರುಳಿನ ಲೆಕ್ಕವನ್ನೂ ಮರೆಯಬಾರದು. ಮುಂಗಾರಿಗೆ ಮುನ್ನ ಮರಗಳಲ್ಲಿ ಮಿನುಗುವ ಮಿಂಚುಹುಳುಗಳು ಬೆಳಕಿನ ಸಂಕೇತದಿಂದಲೇ ಸಂಗಾತಿಯನ್ನು ಅರಸುತ್ತವೆ. ಮಲೆನಾಡಿನ ಮೊದಲ ಬೆಳಕಿನ ಜಾಲ ಅದು. ಬೀದಿದೀಪಗಳನ್ನು ಜಾಲದ ನೆಪದಲ್ಲಿ ಹೆಚ್ಚಿಸಿದರೆ ಅವುಗಳ ಸಂಭಾಷಣೆ ಕೆಡುತ್ತದೆ. ಪರಾಗಸ್ಪರ್ಶಕ್ಕೆ ನೆರವಾಗುವ ಪತಂಗಗಳೂ ದಾರಿ ತಪ್ಪುತ್ತವೆ.

ಹಾಗಾದರೆ ದಾರಿ ಯಾವುದು? ಆಪ್ಟಿಕಲ್ ಫೈಬರಿನ ಕೂದಲೆಳೆಯ ಗಾಜಿನಲ್ಲಿ ಹರಿಯುವುದೂ ಬೆಳಕೇ. ಅದಕ್ಕೆ ಮಂಜಿನ ಭಯವಿಲ್ಲ, ಮರದ ಹಗೆಯಿಲ್ಲ. 2011ರಲ್ಲಿ ಅನುಮೋದನೆಗೊಂಡು ಮುಂದೆ ಭಾರತ್‌ನೆಟ್ ಎನಿಸಿದ ಯೋಜನೆಯ ಉದ್ದೇಶ ಗ್ರಾಮ ಪಂಚಾಯಿತಿಗಳಿಗೆ ಈ ಎಳೆಯನ್ನು ತಲುಪಿಸುವುದು. ಅದನ್ನು ಶಾಲೆ, ಗ್ರಂಥಾಲಯಗಳವರೆಗೆ, ಮರದ ಬೇರು ಕಡಿಯದಂತೆ ರಸ್ತೆಯಂಚಿನಲ್ಲಿ ಒಯ್ಯಬೇಕು. ಆ ಎಳೆ ಮುಗಿದಲ್ಲಿ, ಕೊಠಡಿಯೊಳಗೆ, ಲೈ-ಫೈಗೆ ಸ್ಥಾನವಿದೆ.

2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು. ಗೋಪುರವಾಗಲಿ, ಕಿರಣವಾಗಲಿ, ಊರಿಗೆ ಬರುವ ಮುನ್ನ ಆ ಸಮಿತಿಯಲ್ಲೂ ಗ್ರಾಮಸಭೆಯಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಇದಕ್ಕೆ ಎಷ್ಟು ಮರ? ಉತ್ತರ ಸೊನ್ನೆಯಾದಾಗ ಮಾತ್ರ ಅದನ್ನು ಹಸಿರು ಎನ್ನೋಣ.