ಶುಶ್ರೂಷಕಿಯರ ಅಸ್ವಾಸ್ಥ್ಯ ಮತ್ತು ರೋಗಿಗಳ ಕ್ಷೇಮ



ಪುಣೆಯಿಂದ ಮುಂಬಯಿಗೆ ಸಾಗುವ ಹಳೆಯ ಹೆದ್ದಾರಿಯ ಮೇಲಿರುವ ದೇಹೂ ರೋಡ್, ಸೇನಾ ಸಾಮಗ್ರಿಗಳ ಕೋಠಿಗೂ ಮದ್ದುಗುಂಡಿನ ಕಾರ್ಖಾನೆಗೂ ಹೆಸರಾದ ದಂಡುಪ್ರದೇಶ. ಸಿಡಿಮದ್ದಿನ ನಡುವೆ ದುಡಿಯುವವನ ಕೈ ನಡುಗಬಾರದು, ಕಣ್ಣು ಮಂಜಾಗಬಾರದು ಎಂಬುದನ್ನು ಇಲ್ಲಿನ ಜನರಿಗೆ ಹೊಸದಾಗಿ ತಿಳಿಸಬೇಕಾಗಿಲ್ಲ. ಆದರೆ ಆಸ್ಪತ್ರೆಯ ವಾರ್ಡಿನ ಮಾತು ಬಂದಾಗ ಈ ಲೋಕಜ್ಞಾನ ಮರೆಯಾಗುವುದುಂಟು. ಮೈ ಸುಡುತ್ತಿದ್ದರೂ ಮಾತ್ರೆ ನುಂಗಿ ರಾತ್ರಿ ಪಾಳಿಗೆ ಹಾಜರಾದ ಶುಶ್ರೂಷಕಿ ಹೊಗಳಿಕೆಗೆ ಪಾತ್ರಳಾಗುತ್ತಾಳೆ. ಆ ಹೊಗಳಿಕೆಯ ಬೆಲೆಯನ್ನು ಬಹುಮಟ್ಟಿಗೆ ತೆರುವವನು ಹಾಸಿಗೆಯಲ್ಲಿ ಮಲಗಿರುವ ರೋಗಿ.

ತ್ಯಾಗಕ್ಕೆ ಪುಣೆಯ ಇತಿಹಾಸದಲ್ಲಿ ಉಜ್ವಲವಾದ ನಿದರ್ಶನವಿದೆ. 1897ರ ಪ್ಲೇಗಿನ ಕಾಲದಲ್ಲಿ ಸಾವಿತ್ರಿಬಾಯಿ ಫುಲೆ ಅವರು ತಮ್ಮ ವೈದ್ಯ ಪುತ್ರ ಯಶವಂತನೊಡನೆ ರೋಗಿಗಳ ಆರೈಕೆಗೆ ನಿಂತರು; ರೋಗಪೀಡಿತ ಬಾಲಕನೊಬ್ಬನನ್ನು ಸ್ವತಃ ಹೊತ್ತು ತಂದರು; ಅದೇ ರೋಗ ತಗುಲಿ ಮಾರ್ಚ್ 10ರಂದು ನಿಧನರಾದರು. ಅವರ ಸ್ಮರಣೆ ಪೂಜ್ಯವಾದುದು. ಆದರೆ ಒಂದು ಭೇದವನ್ನು ಇಲ್ಲಿ ಗುರುತಿಸಬೇಕು. ರೋಗಿಯಿಂದ ರೋಗವನ್ನು ತನ್ನ ಮೇಲೆ ತಂದುಕೊಳ್ಳುವುದು ಒಂದು, ತನ್ನ ರೋಗವನ್ನು ರೋಗಿಯ ಬಳಿಗೆ ಒಯ್ಯುವುದು ಇನ್ನೊಂದು. ಮೊದಲನೆಯದರ ಹೆಸರಿನಲ್ಲಿ ಎರಡನೆಯದನ್ನು ಸಮರ್ಥಿಸಲಾಗದು.

ಇನ್‌ಫ್ಲುಯೆಂಜಾ ಜ್ವರವನ್ನೇ ತೆಗೆದುಕೊಳ್ಳೋಣ. ವಯಸ್ಕರಲ್ಲಿ ರೋಗಲಕ್ಷಣ ಕಾಣಿಸುವ ಸುಮಾರು ಒಂದು ದಿನ ಮೊದಲಿನಿಂದ, ಕಾಣಿಸಿದ ನಂತರ 5ರಿಂದ 7 ದಿನಗಳವರೆಗೆ ಅದು ಇತರರಿಗೆ ಹರಡಬಲ್ಲುದು. ಪ್ಯಾರಾಸಿಟಮಾಲ್ ಮಾತ್ರೆ ಮೈಬಿಸಿಯನ್ನು ಇಳಿಸುತ್ತದೆಯೇ ಹೊರತು ಸೋಂಕನ್ನು ತಡೆಯುವುದಿಲ್ಲ. ಆದುದರಿಂದಲೇ ಜ್ವರದ ಮಾತ್ರೆಯ ನೆರವಿಲ್ಲದೆ 24 ಗಂಟೆ ಮೈ ತಣ್ಣಗಿರಬೇಕೆಂಬ ನಿಯಮವನ್ನು ಆರೋಗ್ಯ ತಜ್ಞರು ಹೇಳುತ್ತಾರೆ. ವಾಂತಿಭೇದಿಯಾದರೆ, ಅದು ನಿಂತ ಮೇಲೂ 48 ಗಂಟೆ ಬಿಡುವು ಅಗತ್ಯ. ಆರೋಗ್ಯವಂತನಿಗೆ ನಾಲ್ಕು ದಿನದ ನೆಗಡಿಯಾಗುವ ಸೋಂಕು ನವಜಾತ ಶಿಶುವಿಗೆ, ಮೂತ್ರಪಿಂಡದ ರೋಗಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವನಿಗೆ ಪ್ರಾಣಾಂತಿಕವಾದೀತು.

ಸೋಂಕಿಲ್ಲದ ಕಾಯಿಲೆಯೂ ನಿರುಪದ್ರವಿಯಲ್ಲ. ರೋಗಿಗಳನ್ನು ಎತ್ತಿ ಹೊರಳಿಸುವುದರಿಂದ ಬರುವ ಬೆನ್ನುನೋವು ಈ ವೃತ್ತಿಗೆ ಅಂಟಿಕೊಂಡೇ ಬಂದಿದೆ. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಶುಶ್ರೂಷಕಿಯರನ್ನು ಕುರಿತು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೈಕೈನೋವು ಹಾಗೂ ಮನೋಖಿನ್ನತೆಯನ್ನು ಹೊತ್ತು ದುಡಿಯುವುದಕ್ಕೂ, ಔಷಧಿ ನೀಡಿಕೆಯ ತಪ್ಪುಗಳು ಮತ್ತು ರೋಗಿಗಳು ಬೀಳುವ ಪ್ರಸಂಗಗಳಿಗೂ ಸಂಬಂಧವಿರುವುದನ್ನು ತೋರಿಸಿತು. ಇದರಲ್ಲಿ ಅಚ್ಚರಿಯೇನಿಲ್ಲ. ಇನ್‌ಸುಲಿನ್‌ನ ಪ್ರಮಾಣದಲ್ಲಿ ಒಂದು ಸೊನ್ನೆ ಹೆಚ್ಚಾದರೆ, ಡ್ರಿಪ್ಪಿನ ಹನಿಗಳ ಎಣಿಕೆ ತಪ್ಪಿದರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಅವರು ರಜೆ ಏಕೆ ಪಡೆಯುವುದಿಲ್ಲ? ತಾನು ಬಾರದಿದ್ದರೆ ತನ್ನ ಪಾಲಿನ ಹಾಸಿಗೆಗಳು ಪಕ್ಕದ ಗೆಳತಿಯ ಹೆಗಲಿಗೇರುತ್ತವೆ ಎಂಬ ಸಂಕೋಚ ಒಂದು ಕಾರಣ. ಗುತ್ತಿಗೆಯ ನೌಕರಿಯಲ್ಲಿ ಒಂದು ದಿನದ ಗೈರುಹಾಜರಿ ಎಂದರೆ ಒಂದು ದಿನದ ಸಂಬಳದ ನಷ್ಟ ಎಂಬುದು ಮತ್ತೊಂದು. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಗಳಲ್ಲಿ 3 ರೋಗಿಗಳಿಗೆ, ಸಾಮಾನ್ಯ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ ಒಬ್ಬ ಶುಶ್ರೂಷಕಿ ಇರಬೇಕು. ಇದರ ಮೇಲೆ ರಜೆಯ ಸಲುವಾಗಿಯೇ ಶೇಕಡಾ 30ರಷ್ಟು ಹೆಚ್ಚುವರಿ ಸಿಬ್ಬಂದಿ ಇರತಕ್ಕದ್ದು. ಈ ಶೇಕಡಾ 30 ಎಂಬುದು ಔದಾರ್ಯವಲ್ಲ, ಲೆಕ್ಕಾಚಾರ. ಆಸ್ಪತ್ರೆಗಳು ಖರ್ಚು ಕಡಿತಗೊಳಿಸಲು ಹೊರಟಾಗ ಮೊದಲು ಕತ್ತರಿ ಬೀಳುವುದು ಮಾತ್ರ ಇಂತಹ ಅಂಕಿಗಳಿಗೇ.

ಖಾಸಗಿ ಆಸ್ಪತ್ರೆಗಳ ಶುಶ್ರೂಷಕಿಯರ ಸ್ಥಿತಿಗತಿಯನ್ನು ಪರಿಶೀಲಿಸಲು ಸಮಿತಿಯೊಂದನ್ನು ರಚಿಸುವಂತೆ 2016ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ನಿರ್ದೇಶಿಸಿತು. 50ಕ್ಕಿಂತ ಕಡಿಮೆ ಹಾಸಿಗೆಗಳ ಆಸ್ಪತ್ರೆಯಲ್ಲಿಯೂ ಮಾಸಿಕ ವೇತನ 20,000 ರೂಪಾಯಿಗಿಂತ ಕಡಿಮೆ ಇರಬಾರದೆಂದೂ, ರಜೆ ಮತ್ತು ಕೆಲಸದ ಅವಧಿ ರಾಜ್ಯ ಸರ್ಕಾರಿ ನೌಕರಿಗೆ ಸಮನಾಗಿರಬೇಕೆಂದೂ ಆ ಸಮಿತಿ ಶಿಫಾರಸು ಮಾಡಿತು. ಕಾರ್ಮಿಕರ ರಾಜ್ಯ ವಿಮಾ ಯೋಜನೆಗೆ ಒಳಪಟ್ಟ ಅರ್ಹರಿಗೆ ಕಾಯಿಲೆಯ ಅವಧಿಯಲ್ಲಿ ವೇತನದ ಶೇಕಡಾ 70ರಷ್ಟು, ವರ್ಷಕ್ಕೆ 91 ದಿನಗಳವರೆಗೆ ದೊರೆಯುತ್ತದೆ. ಸೌಲಭ್ಯವಿದ್ದೂ ಕೇಳಲು ಅಂಜುವವರು ಇದನ್ನು ಅರಿತಿರುವುದು ಒಳಿತು.

ಕೊರೋನಾ ಪಿಡುಗು ಇದನ್ನೆಲ್ಲ ಕಟುವಾಗಿ ಕಲಿಸಿತು. 2020ರ ಏಪ್ರಿಲ್‌ನಲ್ಲಿ ಮುಂಬಯಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ 26 ಶುಶ್ರೂಷಕಿಯರಿಗೂ 3 ವೈದ್ಯರಿಗೂ ಸೋಂಕು ತಗುಲಿ, ಆಸ್ಪತ್ರೆಯನ್ನೇ ಮುಚ್ಚಿ ನಿರ್ಬಂಧಿಸಬೇಕಾಯಿತು. ಅದಕ್ಕೂ ಮೊದಲು, 2018ರ ಮೇ ತಿಂಗಳಲ್ಲಿ ಕೇರಳದ ಪೇರಾಂಬ್ರಾ ತಾಲೂಕು ಆಸ್ಪತ್ರೆಯ ಶುಶ್ರೂಷಕಿ ಲಿನಿ ಅವರು ನಿಪಾ ರೋಗಿಯ ಆರೈಕೆಯ ನಂತರ ಜ್ವರಪೀಡಿತರಾದಾಗ, ತಮಗೆ ತಗುಲಿದ್ದು ಸಾಮಾನ್ಯ ಜ್ವರವಲ್ಲವೆಂದು ಶಂಕಿಸಿ, ತಮ್ಮನ್ನು ಪ್ರತ್ಯೇಕವಾಗಿರಿಸುವಂತೆ ಕೋರಿದರೆಂದು ವರದಿಯಾಗಿದೆ. ಅವರು ಮೇ 21ರಂದು ತೀರಿಕೊಂಡರು. ಅವರ ಸೇವೆಯನ್ನು ನೆನೆಯುವವರು, ಅವರು ದೂರ ಸರಿದು ನಿಂತ ಆ ನಿರ್ಧಾರವನ್ನೂ ಸೇವೆಯೆಂದೇ ಎಣಿಸಬೇಕು.

ದೊಡ್ಡ ಆಸ್ಪತ್ರೆಗಳು ಇತರ ವಾರ್ಡುಗಳಿಂದ ಸಿಬ್ಬಂದಿಯನ್ನು ಹೊಂದಿಸಿಕೊಳ್ಳಬಹುದು. ಹತ್ತಿಪ್ಪತ್ತು ಹಾಸಿಗೆಗಳ ಚಿಕ್ಕ ಆಸ್ಪತ್ರೆಗೆ ಆ ಅನುಕೂಲವಿಲ್ಲ. ಅಂತಹ ಕಡೆ ಅಗತ್ಯ ಬಿದ್ದಾಗ ಕರೆಯಬಹುದಾದ ತರಬೇತಿ ಪಡೆದ ಶುಶ್ರೂಷಕಿಯರ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿಕೊಳ್ಳುವುದು, ಒಂದೆರಡು ದಿನದ ಜ್ವರಕ್ಕೆ ವೈದ್ಯಕೀಯ ಪ್ರಮಾಣಪತ್ರವನ್ನು ಒತ್ತಾಯಿಸದಿರುವುದು, ಸಿಬ್ಬಂದಿಗೆ ಪ್ರತಿವರ್ಷ ಇನ್‌ಫ್ಲುಯೆಂಜಾ ಲಸಿಕೆ ಹಾಕಿಸುವುದು ಸಾಧ್ಯವಾದ ಕ್ರಮಗಳು. ರೋಗಿಯ ಬಂಧುಗಳು ಕೂಡ, ಕೆಮ್ಮುತ್ತಿರುವ ಶುಶ್ರೂಷಕಿಯನ್ನು ಕಂಡರೆ ಆಕೆಯನ್ನು ಗದರಿಸದೆ, ಆ ಪಾಳಿಗೆ ಬದಲಿ ಸಿಬ್ಬಂದಿ ಏಕಿಲ್ಲವೆಂದು ಆಡಳಿತವನ್ನು ವಿಚಾರಿಸಬಹುದು. ತಾವೇ ಕೆಮ್ಮುತ್ತಿದ್ದರೆ ಅಂದು ಆಸ್ಪತ್ರೆಯ ಭೇಟಿಯನ್ನು ಮುಂದೂಡಬಹುದು.