ಸೋಮವಾರದ ಊಟ

1965. ಗಡಿಯಲ್ಲಿ ಯುದ್ಧ, ಒಳಗೆ ಧಾನ್ಯದ ಕೊರತೆ. ಅಮೆರಿಕದ ಗೋಧಿಗೆ ಕಾಯುವ ಸ್ಥಿತಿ. ವಾರಕ್ಕೊಂದು ಹೊತ್ತಿನ ಊಟ ಬಿಡಿ ಎಂದರು ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ. ಹಾಗೆ ಕೇಳುವ ಮುನ್ನ ತಮ್ಮ ಮನೆಯಲ್ಲೇ ಒಂದು ರಾತ್ರಿ ಒಲೆ ಹಚ್ಚದೆ ನೋಡಿದ್ದರಂತೆ. ಆ ಕರೆಗೆ ಓಗೊಟ್ಟು ಸೋಮವಾರ ಸಂಜೆ ಎಷ್ಟೋ ಹೋಟೆಲುಗಳು ಬಾಗಿಲು ಹಾಕಿದವು. ಆದರೂ, ದಿನಕ್ಕೊಂದೇ ಊಟ ಕಾಣುವವನು ಬಿಡುವುದಾದರೂ ಯಾವುದನ್ನು?

ಈಗಿನ ಮಾತೇ ಬೇರೆ. 2025ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕದ ಶಾಸಕರ ತಿಂಗಳ ಸಂಬಳ 40 ಸಾವಿರದಿಂದ 80 ಸಾವಿರಕ್ಕೇರಿತು. ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ. ಏಪ್ರಿಲ್‌ನಲ್ಲಿ ಹಾಲು ಲೀಟರಿಗೆ 4 ರೂಪಾಯಿ ತುಟ್ಟಿಯಾಯಿತು.

ಆ ಶಾಸಕರೂ ಸೇರಿ ಮತ ಕೇಳಲು ಬರುವವರು ಆಸ್ತಿ, ಸಾಲ, ಮೊಕದ್ದಮೆಗಳ ಪ್ರಮಾಣಪತ್ರ ಸಲ್ಲಿಸಿರುತ್ತಾರೆ. ಚುನಾವಣಾ ಆಯೋಗದ ಜಾಲತಾಣದಲ್ಲೇ ಸಿಗುತ್ತದೆ. ಹಳಬರಾದರೆ ಹಿಂದಿನದನ್ನೂ ಪಕ್ಕದಲ್ಲಿಟ್ಟು ಓದಿ. ನಾವು ಹೊಟ್ಟೆಬಟ್ಟೆ ಕಟ್ಟಿದ ಐದು ವರ್ಷಗಳಲ್ಲಿ ಅವರ ಆಸ್ತಿ ಎಷ್ಟು ಬೆಳೆಯಿತೆಂಬುದು ಅವರದೇ ಸಹಿಯೊಂದಿಗೆ ಅಲ್ಲಿರುತ್ತದೆ.