ಅಮೆರಿಕಾದ ಹಳೆಯ ಬೇಸಾಯದ ಬಂಡಿಗಳೂ ಅವುಗಳ ನಿರ್ಮಾಪಕರೂ



ಬೇಸಾಯದ ಉಪಕರಣಗಳಲ್ಲಿ ನೇಗಿಲಿಗೆ ಮೊದಲನೆಯ ಸ್ಥಾನವಾದರೆ ಬಂಡಿಗೆ ಎರಡನೆಯದು. ಬೆಳೆದ ಧಾನ್ಯವು ಹೊಲದಲ್ಲಿಯೇ ಉಳಿದರೆ ಬೆಳೆದವನಿಗೆ ಫಲವೇನು? ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಒಕ್ಕಲಿಗರು ಹತ್ತೊಂಬತ್ತನೆಯ ಶತಮಾನದಲ್ಲಿ ಬಳಸುತ್ತಿದ್ದ ಬಂಡಿಗಳ ವಿಚಾರವಾಗಿ ಕೆಲವು ಮಾತುಗಳನ್ನು ಅರಿಕೆಮಾಡುವೆನು.

ಆ ಬಂಡಿಗೆ ನಾಲ್ಕು ಗಾಲಿಗಳು. ಮುಂದಿನವು ಚಿಕ್ಕವು, ಹಿಂದಿನವು ದೊಡ್ಡವು. ಬಂಡಿಯನ್ನು ತಿರುಗಿಸುವಾಗ ಮುಂದಿನ ಅಚ್ಚು ಒಂದು ಕೀಲಿನ ಮೇಲೆ ಹೊರಳಬೇಕು. ಗಾಲಿಗಳು ಚಿಕ್ಕವಾದಷ್ಟೂ ಬಂಡಿಯು ಇಕ್ಕಟ್ಟಿನಲ್ಲಿ ಸುಲಭವಾಗಿ ತಿರುಗುವುದು. ಹಿಂದಿನ ದೊಡ್ಡ ಗಾಲಿಗಳು ಹಳ್ಳದಿಣ್ಣೆಗಳನ್ನು ಸರಾಗವಾಗಿ ದಾಟುವುವು. ಅಚ್ಚಿಗೆ ಬಗ್ಗಿದರೂ ಮುರಿಯದ ಹಿಕರಿ ಮರ, ಗಾಲಿಗೆ ಗಟ್ಟಿಯಾದ ಓಕ್ ಮರ, ತೊಟ್ಟಿಗೆ ಹಗುರವಾದ ಪಾಪ್ಲರ್ ಹಲಗೆ, ಹೀಗೆ ಕೆಲಸಕ್ಕೆ ತಕ್ಕ ಮರವನ್ನು ಆರಿಸುತ್ತಿದ್ದರು. ಕಬ್ಬಿಣದ ಹಳಿಯನ್ನು ಕಾಯಿಸಿ ತೊಡಿಸಿ, ನೀರೆರೆದು ಬಿಗಿಸುವ ಕ್ರಮವು ನಮ್ಮ ಬಡಗಿ ಕಮ್ಮಾರರಿಗೂ ಚೆನ್ನಾಗಿ ಪರಿಚಿತವಾದುದೇ.

ಆದರೆ ಹಳಿಯ ಬಿಗಿಯೆಲ್ಲವೂ ಮರದ ಒಣಗುವಿಕೆಯನ್ನು ಅವಲಂಬಿಸಿರುವುದು. ಹಸಿಮರದ ಗಾಲಿಯು ಪಶ್ಚಿಮದ ಒಣಬಯಲಿನ ಗಾಳಿಗೆ ಸಿಕ್ಕಿದೊಡನೆ ಕುಗ್ಗುವುದು, ಅರಗಳು ಸಡಿಲವಾಗುವುವು, ಹಳಿಯು ಕಳಚಿ ಬೀಳುವುದು. ಊರುಕೇರಿಯಿಲ್ಲದ ದಾರಿಯಲ್ಲಿ ಗಾಲಿ ಮುರಿದ ಸಂಸಾರದ ಪಾಡು ಹೇಳತೀರದು. ಅಂತಹ ಪ್ರಯಾಣಿಕರು ರಾತ್ರಿಯ ವೇಳೆ ಗಾಲಿಗಳನ್ನು ಹೊಳೆಯಲ್ಲಿ ನೆನೆಯಿಟ್ಟು, ಹಳಿಯ ಸಂದಿಗೆ ಬೆಣೆ ಹೊಡೆದು ಸಾಗುತ್ತಿದ್ದರು. ಇದರಿಂದ, ಮರವನ್ನು ವರ್ಷಗಟ್ಟಲೆ ನೆರಳಿನಲ್ಲಿ ಒಣಗಿಸುವ ತಾಳ್ಮೆಯುಳ್ಳ ನಿರ್ಮಾಪಕನ ಹೆಸರೇ ಕೊಳ್ಳುವವನಿಗೆ ಜಾಮೀನಾಯಿತು.

ಜರ್ಮನಿಯಿಂದ ಬಂದ ಪೀಟರ್ ಷುಟ್ಲರ್ 1843ರಲ್ಲಿ ಷಿಕಾಗೋ ನಗರದಲ್ಲಿ ಬಂಡಿಯ ಕೆಲಸವನ್ನು ಆರಂಭಿಸಿದನು. ವಿಸ್ಕಾನ್ಸಿನ್ ಪ್ರಾಂತದ ರಸೀನ್‌ನಲ್ಲಿ ಮಿಚೆಲ್, ಕೆನೋಷಾದಲ್ಲಿ ಬೇನ್ ಎಂಬವರ ಕಾರ್ಖಾನೆಗಳು ಹೆಸರಾದುವು. ಇಂಡಿಯಾನಾದ ಸೌತ್ ಬೆಂಡ್ ಪಟ್ಟಣದಲ್ಲಿ ಹೆನ್ರಿ ಮತ್ತು ಕ್ಲೆಮೆಂಟ್ ಸ್ಟುಡಿಬೇಕರ್ ಎಂಬ ಸೋದರರು 1852ರಲ್ಲಿ 68 ಡಾಲರುಗಳ ಮೂಲಧನದಿಂದ ಕುಲುಮೆಯನ್ನು ಹೂಡಿದರು. ಇವರ ತಮ್ಮ ಜಾನ್, ಕ್ಯಾಲಿಫೋರ್ನಿಯಾದ ಚಿನ್ನದ ಗಣಿಯವರಿಗೆ ಒಂಟಿಗಾಲಿಯ ಕೈಗಾಡಿಗಳನ್ನು ಮಾಡಿಕೊಟ್ಟು 8,000 ಡಾಲರು ಕೂಡಿಸಿ, 1858ರಲ್ಲಿ ಹಿಂದಿರುಗಿ ಹೆನ್ರಿಯ ಪಾಲನ್ನು ಕೊಂಡನು. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಸೈನ್ಯಕ್ಕೆ ಬಂಡಿಗಳನ್ನೊದಗಿಸಿ ಸಂಸ್ಥೆಯು ಬೆಳೆಯಿತು. 1902ರಲ್ಲಿ ವಿದ್ಯುತ್ ಮೋಟಾರುಗಾಡಿಯನ್ನು ತಯಾರಿಸಿ, 1920ರಲ್ಲಿ ಬಂಡಿಯ ಕೆಲಸವನ್ನು ಬಿಟ್ಟುಕೊಟ್ಟಿತು. 1966ರಲ್ಲಿ ಅದರ ಮೋಟಾರು ತಯಾರಿಕೆಯೂ ನಿಂತಿತು.

ಅಳಿದುಳಿದ ಬಂಡಿಗಳಿಗೆ ಈಗ ಬಿಸಿಲುಮಳೆಗಳಷ್ಟೇ ಶತ್ರುಗಳಲ್ಲ. ತಿಳಿವಳಿಕೆಯಿಲ್ಲದ ಅಕ್ಕರೆಯೂ ಶತ್ರುವೇ. ಹಳೆಯ ಬಣ್ಣವನ್ನು ಕೆರೆದು ಹೊಸದನ್ನು ಬಳಿದರೆ ತೊಟ್ಟಿಯ ಮೇಲಿನ ನಿರ್ಮಾಪಕನ ಹೆಸರು ಅಳಿಯುವುದು, ಬಂಡಿಯ ಚರಿತ್ರೆಯೂ ಅದರೊಡನೆ ಹೋಗುವುದು. ಗಾಲಿಯನ್ನು ನೀರಿನಲ್ಲಿ ನೆನೆಸಿದರೆ ಎರಡು ದಿನ ಬಿಗಿಯಾಗಿ ಕಂಡರೂ ಮರವು ಕ್ರಮೇಣ ಕೊಳೆಯುವುದು. ಆದುದರಿಂದ ಬಂಡಿಯನ್ನು ಸೂರಿನ ಕೆಳಗಿರಿಸಿ, ಅಚ್ಚಿಗೆ ದಿಮ್ಮಿ ಕೊಟ್ಟು, ಗಾಲಿಗಳು ನೆಲಕ್ಕೆ ತಾಗದಂತೆ ನಿಲ್ಲಿಸಿ, ಧೂಳನ್ನು ಮೆಲ್ಲಗೆ ಒರೆಸುವುದೇ ಸಾಕು.

ನಿಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಅಜ್ಜನ ಕಾಲದ ಎತ್ತಿನ ಗಾಡಿಯಿದ್ದರೆ ಅದಕ್ಕೂ ಈ ಕ್ರಮವೇ ಸಲ್ಲುವುದು. ಅದನ್ನು ಸೌದೆಗೆ ಒಡೆಯುವ ಮೊದಲು, ಮಾಡಿದ ಬಡಗಿ ಯಾರೆಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿರೆಂದು ಪ್ರಾರ್ಥಿಸಿ ವಿರಮಿಸುವೆನು.